ಕತಾರ್‌ನಲ್ಲಿ ಮಾಲ್ ಬಿಟ್ಟು ಏನಿದೆ?

ಡಿಸೆಂಬರ್‌ನಲ್ಲಿ ದೋಹಾದಲ್ಲಿ ಮೂರು ದಿನ ಇರ್ತೀನಿ, ಮಾಲು, ಗಾಜಿನ ಕಟ್ಟಡ ಬಿಟ್ಟು ನೋಡೋಕೆ ಏನಿದೆ ಅಂತ ಕೇಳಿದ್ದೀರಿ. ಒಳ್ಳೆ ತಿಂಗಳೇ ಆರಿಸಿದ್ದೀರಿ.

ಒಂದು ದಿನ ಕಾರು ಬಾಡಿಗೆಗೆ ತಗೊಂಡು ಪಶ್ಚಿಮಕ್ಕೆ, ಝಕ್ರೀತ್ ಕಡೆ ಹೋಗಿ. ಅಲ್ಲಿ ಮರಳುಗಾಡಿನ ನಡುವೆ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ನಿಲ್ಲಿಸಿದ ನಾಲ್ಕು ಉಕ್ಕಿನ ಹಲಗೆಗಳಿವೆ, ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ. ನೆಲ ಏರಿಳಿದರೂ ನಾಲ್ಕರ ತುದಿಯೂ ಒಂದೇ ಮಟ್ಟ. ದೂರದಿಂದ ಸುಮ್ನೆ ಕಡ್ಡಿ ನೆಟ್ಟ ಹಾಗೆ ಕಾಣುತ್ತದೆ. ಬುಡಕ್ಕೆ ಹೋಗಿ ಕತ್ತೆತ್ತಿದರೆ ಐದು ಅಂತಸ್ತಿನ ಎತ್ತರ! ಮೈಯೆಲ್ಲ ತುಕ್ಕಿನ ಬಣ್ಣ. ಟಿಕೆಟ್ಟೂ ಇಲ್ಲ. ಕೊನೆಯ ದಾರಿ ಕಚ್ಚಾ, ಫೋರ್ ವೀಲ್ ಗಾಡಿಯೇ ವಾಸಿ. ನೀರು ಜಾಸ್ತಿ ಇಟ್ಕೊಳ್ಳಿ.

ಇತಿಹಾಸ ಇಷ್ಟ ಇದ್ದರೆ ಉತ್ತರದ ಅಲ್ ಝುಬಾರಾ. ಎಲ್ಲರೂ 1938ರ ಕೋಟೆಯ ಮುಂದೆ ಫೋಟೋ ತೆಗೆದು ವಾಪಸ್ ಬರ್ತಾರೆ. ನಿಜವಾದ ಊರು ಅದರಾಚೆ, ಸಮುದ್ರದ ಕಡೆ ಇದೆ. ಮುತ್ತಿನ ವ್ಯಾಪಾರದಿಂದ ಬೆಳೆದು, 1811ರ ದಾಳಿಯಲ್ಲಿ ಹಾಳಾಗಿ, ಆಮೇಲೆ ಪೂರ್ತಿ ಖಾಲಿಯಾದ ಊರು. ಎಣ್ಣೆ, ಗ್ಯಾಸ್ ಸಿಗುವ ಮುಂಚೆ ಇಲ್ಲಿನ ಜನ ಮುತ್ತಿಗಾಗಿ ಉಸಿರು ಬಿಗಿಹಿಡಿದು ಮುಳುಗುತ್ತಿದ್ದರು, ಅದು ಅಲ್ಲಿ ಅರ್ಥ ಆಗುತ್ತದೆ.

ದೋಹಾದ ಹಳೇ ಮಾರುಕಟ್ಟೆ ಸೂಕ್ ವಾಕಿಫ್ ಪ್ರವಾಸಿಗರದ್ದೇ ಜಾಗ ಅಲ್ವಾ ಅಂತ ಬಿಡಬೇಡಿ. ಅಲ್ಲಿ ಗಿಡುಗಗಳ ಅಂಗಡಿಗಳಿವೆ, ಗಿಡುಗಗಳಿಗೆ ಆಸ್ಪತ್ರೆಯೂ ಇದೆ. ಕಣ್ಣಿಗೆ ಚರ್ಮದ ಟೋಪಿ ಹಾಕಿಸಿಕೊಂಡು ಸಾಲಾಗಿ ಕೂತಿರುತ್ತವೆ. ಆಮೇಲೆ ಒಂದು ಕರಕ್ ಚಾಯ್ ಕುಡೀರಿ. ನಮ್ಮ ಏಲಕ್ಕಿ ಟೀಯ ನೆಂಟನೇ, ಸಕ್ಕರೆ ಮಾತ್ರ ಜಾಸ್ತಿ.