ಸಿಗರೇಟು ಹೊಗೆ ಹಿಡಿದ ಮನೆ: ಮುಂಗಡ ಕೊಡುವ ಮುನ್ನ

ಪ್ರಶ್ನೆ: ನಾವು ಮಂಡ್ಯದವರು. ನಿವೃತ್ತಿಯ ನಂತರ ಮಗನ ಸಂಸಾರದ ಜೊತೆ ಇರಲೆಂದು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಹಳೆಯ ಮನೆ ನೋಡಿದ್ದೇವೆ. ಕಾಗದಪತ್ರ ಸರಿಯಾಗಿವೆ, ಬೆಲೆಯೂ ಹೊಂದುತ್ತದೆ. ಆದರೆ ಆ ಮನೆಯ ಯಜಮಾನರು ಬಹಳ ವರ್ಷ ಒಳಗೇ ಕೂತು ಸಿಗರೇಟು ಸೇದುತ್ತಿದ್ದರಂತೆ. ಹಾಲ್‌ಗೆ ಕಾಲಿಟ್ಟರೆ ಹಳೆಯ ಹೊಗೆಯ ಕಮಟು ಮೂಗಿಗೆ ಬಡಿಯುತ್ತದೆ. ಹೊಸದಾಗಿ ಬಣ್ಣ ಹೊಡೆಸಿಕೊಡುತ್ತೇವೆ, ಸೋಫಾ ಮತ್ತು ಪರದೆಗಳನ್ನೂ ಬಿಟ್ಟುಕೊಡುತ್ತೇವೆ ಎಂದು ಮಾರುವವರು ಹೇಳುತ್ತಿದ್ದಾರೆ. ನಮ್ಮ ಮೊಮ್ಮಗನಿಗೆ ಆಗಾಗ ವೀಸಿಂಗ್ (ಉಬ್ಬಸ) ಬರುತ್ತದೆ. ಈ ಮನೆ ಕೊಳ್ಳಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕೊಳ್ಳಬಹುದು, ಆದರೆ ಮಾರುವವರಿಂದ ಬಣ್ಣ ಹೊಡೆಸಿಕೊಳ್ಳುವುದು ಮಾತ್ರ ಬೇಡ. ಸಿಗರೇಟಿನ ನಿಕೋಟಿನ್ ಮತ್ತು ಟಾರ್ ಗೋಡೆ, ಮರ, ಬಟ್ಟೆಗಳ ಮೇಲೆ ಜಿಡ್ಡಾಗಿ ಕೂತು, ಗಾರೆ ಹಾಗೂ ಪಿಒಪಿಯ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಣ್ಣ ರಂಧ್ರಗಳಿಗೂ ಇಳಿದು, ಬಿಸಿಲೇರಿದಾಗ ಅಥವಾ ಮಳೆಗಾಲದ ತೇವ ಹೆಚ್ಚಿದಾಗ ಪುನಃ ಗಾಳಿಗೆ ಬರುತ್ತಿರುತ್ತವೆ. ಅದರ ಮೇಲೆ ನೇರವಾಗಿ ಎಮಲ್ಷನ್ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಕಂದು ಕಲೆಗಳು ಮೇಲೇಳುತ್ತವೆ. ಅಷ್ಟರಲ್ಲಿ ಕ್ರಯಪತ್ರ ನೋಂದಣಿಯೂ ಆಗಿಹೋಗಿರುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸೇದುವವರು ಬಿಟ್ಟುಹೋಗಿ ಸುಮಾರು ಎರಡು ತಿಂಗಳು ಖಾಲಿಯಿದ್ದು, ಹೊಸಬರಿಗಾಗಿ ಶುಚಿ ಮಾಡಿದ ಮನೆಗಳ ಧೂಳಿನಲ್ಲೂ ಗೋಡೆಗಳ ಮೇಲೂ ನಿಕೋಟಿನ್ ಸಿಕ್ಕಿತ್ತು. ಈ ಉಳಿಕೆ ಒಳಾಂಗಣದ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳಾಗುತ್ತದೆ ಎಂಬುದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿಯೇ ತೋರಿಸಿದ್ದಾರೆ. ಆದ್ದರಿಂದ ಇದು ಮೂಗಿಗಷ್ಟೇ ಸಂಬಂಧಿಸಿದ ತೊಂದರೆಯಲ್ಲ.

ಮೊದಲು ಹೊಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಿರಿ. ಹಿಂದಿನ ದಿನದಿಂದಲೇ ಕಿಟಕಿಗಳನ್ನು ಮುಚ್ಚಿಡಿಸಿ, ಊದುಬತ್ತಿ ಹಚ್ಚಬಾರದೆಂದು ವಿನಯದಿಂದ ಕೇಳಿಕೊಂಡು, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಹೋಗಿ ನೋಡಿ. ಹಾಲ್‌ನಲ್ಲಿ ತೂಗುಹಾಕಿರುವ ಕ್ಯಾಲೆಂಡರನ್ನೋ ದೇವರ ಪಟವನ್ನೋ ಎತ್ತಿದಾಗ, ಅದರಡಿಯ ಗೋಡೆ ಬೆಳ್ಳಗೂ ಸುತ್ತಲಿನದು ಚಹಾ ಚೆಲ್ಲಿ ಒಣಗಿದ ಬಣ್ಣದಲ್ಲೂ ಇದ್ದರೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ. ಹಾಗಿಲ್ಲದಿದ್ದರೆ, ಸೋಪಿನ ನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಗೋಡೆಯ ಮೇಲ್ಭಾಗ, ಫ್ಯಾನಿನ ರೆಕ್ಕೆ ಮತ್ತು ವಾರ್ಡ್‌ರೋಬಿನ ಒಳಬದಿಯನ್ನು ಒಂದೊಂದು ಬಾರಿ ಒರೆಸಿ, ಬಟ್ಟೆ ಹಳದಿಯಾಗುತ್ತದೆಯೇ ನೋಡಿ. ವಾರ್ಡ್‌ರೋಬಿನ ಒಳಗಿನ ಬಣ್ಣ ಹೊಡೆಯದ ಪ್ಲೈವುಡ್ಡನ್ನು ಯಾರೂ ಗಮನಿಸುವುದಿಲ್ಲ; ವಾಸನೆ ಹೆಚ್ಚು ಕಾಲ ಉಳಿಯುವುದು ಅಲ್ಲಿಯೇ.

ಸೋಫಾ, ಪರದೆ, ಹಾಸಿಗೆಗಳನ್ನು ದಯವಿಟ್ಟು ಬೇಡವೆನ್ನಿ. ಪರದೆಯನ್ನು ಒಗೆಯಬಹುದು, ಸೋಫಾದ ಸ್ಪಂಜಿನಿಂದ ಹೊಗೆಯನ್ನು ಪೂರ್ತಿ ತೆಗೆಯುವುದು ಬಹುತೇಕ ಆಗದ ಮಾತು.

ಮನೆ ಖಾಲಿಯಾದ ಮೇಲೆ ತೊಳೆಯುವುದು, ಕೆರೆಯುವುದು, ಒಣಗಿಸುವುದು, ಪ್ರೈಮರ್, ಬಣ್ಣ ಎಂಬ ಕ್ರಮವನ್ನು ತಪ್ಪಿಸಬಾರದು. ಬಿಸಿನೀರಿಗೆ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಡಿಟರ್ಜೆಂಟ್ ಕದಡಿ, ಕೈಗವಸು ಹಾಕಿಕೊಂಡು, ಮೊದಲು ಚಾವಣಿಯ ಒಳಮೈಯನ್ನು, ನಂತರ ಗೋಡೆಗಳನ್ನು ತೊಳೆಯಿಸಿ. ಒರೆಸಿದ ಬಟ್ಟೆಯ ನೀರು ಹಳದಿ ಬಿಡುವುದು ನಿಲ್ಲುವವರೆಗೆ ಬಕೆಟ್ಟಿನ ನೀರನ್ನು ಬದಲಿಸುತ್ತಲೇ ಇರಬೇಕು. ಸ್ವಿಚ್ ಬೋರ್ಡುಗಳ ಹತ್ತಿರ ಕೆಲಸ ಮಾಡುವಾಗ ಮೇನ್ ಆಫ್ ಆಗಿರಲಿ. ಗೋಡೆಗೆ ಡಿಸ್ಟೆಂಪರ್ ಹೊಡೆದಿದ್ದರೆ ಅದು ನೀರು ಸೋಕಿದೊಡನೆ ಏಳುವುದರಿಂದ, ತೊಳೆಯುವ ಗೋಜಿಗೆ ಹೋಗದೆ ಪೂರ್ತಿ ಕೆರೆಸುವುದೇ ಮೇಲು. ಗೋಡೆ ಚೆನ್ನಾಗಿ ಒಣಗಿದ ಮೇಲೆ ಆಯಿಲ್ ಪ್ರೈಮರನ್ನೋ ಅರಗಿನಿಂದ (ಶೆಲ್ಯಾಕ್) ತಯಾರಾದ ಸೀಲರನ್ನೋ ಬಳಿಸಿ, ಅನಂತರವೇ ಎಮಲ್ಷನ್ ಹೊಡೆಸಿ. ನೀರಿನ ಪ್ರೈಮರ್ ಸಾಕು, ಬೇಗ ಒಣಗುತ್ತದೆ ಎಂದು ಪೇಂಟಿನವರು ಹೇಳಬಹುದು, ಒಪ್ಪಬೇಡಿ. ಅರಗಿನ ಗುಣವನ್ನು ಮೈಸೂರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂದು ಮತದಾರರ ಬೆರಳಿನ ಶಾಯಿಗೆ ಹೆಸರಾದ ಇಲ್ಲಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ. ವಾರ್ಡ್‌ರೋಬಿನ ಒಳಮೈಗೂ ಇದೇ ಲೇಪನವಾಗಲಿ. ಎಸಿ ಇದ್ದರೆ ಫಿಲ್ಟರ್ ಮಾತ್ರವಲ್ಲದೆ ಒಳಗಿನ ಕಾಯಿಲನ್ನೂ ಸರ್ವೀಸ್ ಮಾಡಿಸಬೇಕು.

ಕರ್ಪೂರ, ಧೂಪ, ರೂಮ್ ಫ್ರೆಶ್ನರ್‌ಗಳು ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ, ಅಷ್ಟೆ. ವೀಸಿಂಗ್ ಇರುವ ಮಗುವಿಗೆ ಧೂಪದ ಹೊಗೆಯೂ ಹಿತವಲ್ಲ. ಓಝೋನ್ ಯಂತ್ರ ತಂದು ಒಂದೇ ದಿನದಲ್ಲಿ ವಾಸನೆ ತೆಗೆಯುತ್ತೇವೆನ್ನುವವರನ್ನು ನಂಬಬೇಡಿ. ಓಝೋನ್ ಸ್ವತಃ ಶ್ವಾಸಕೋಶವನ್ನು ಕೆರಳಿಸುತ್ತದೆ, ನಿಕೋಟಿನ್ ಜೊತೆ ವರ್ತಿಸಿ ಬೇರೆ ಹಾನಿಕರ ವಸ್ತುಗಳನ್ನೂ ಉಂಟುಮಾಡುತ್ತದೆ.

ಇನ್ನು ಹಣದ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಪ್ರಕರಣವು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾತ್ರ ಮಾರುವವರು ತಿಳಿಸಬೇಕೆನ್ನುತ್ತದೆ. ಬಾಗಿಲಲ್ಲೇ ಮೂಗಿಗೆ ಬಡಿದ ವಾಸನೆಯ ಬಗ್ಗೆ ನೋಂದಣಿಯಾದ ಮೇಲೆ ದೂರುವುದು ಕಷ್ಟ. ಹಾಗಾಗಿ ತೊಳೆಯುವುದರಿಂದ ಬಣ್ಣದವರೆಗಿನ ಪೂರ್ಣ ಕೆಲಸಕ್ಕೆ ಇಬ್ಬರು ಪೇಂಟಿಂಗ್ ಗುತ್ತಿಗೆದಾರರಿಂದ ಲಿಖಿತ ಅಂದಾಜು ಪಡೆದು, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಿಕೊಂಡು, ಪೀಠೋಪಕರಣಗಳನ್ನೆಲ್ಲ ತೆರವು ಮಾಡಿಕೊಡಬೇಕೆಂಬುದನ್ನೂ ಕರಾರುಪತ್ರದಲ್ಲಿ ಬರೆಸಿ, ಅನಂತರವೇ ಮುಂಗಡ ಕೊಡಿ. ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿಗಳನ್ನು ತೆರೆದಿಟ್ಟು, ಆಮೇಲೆ ಒಂದು ದಿನ ಮನೆ ಮುಚ್ಚಿಟ್ಟು ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸಿ, ಮೊಮ್ಮಗನ ವೈದ್ಯರನ್ನೂ ಕೇಳಿಕೊಂಡು ಒಕ್ಕಲಾಗಿ.