ವಾಟರ್‌ಫ್ಲಡಿಂಗ್‌ನಲ್ಲಿ ನೀರು ಉತ್ಪಾದನಾ ಬಾವಿಗೆ ತಲುಪುವ ದಿನವನ್ನು ಲೆಕ್ಕ ಹಾಕುವುದು ಹೇಗೆ?

ವಾಟರ್‌ಫ್ಲಡಿಂಗ್ ಎಂದರೆ ಒಂದು ಬಾವಿಯಿಂದ ನೀರು ಒತ್ತಿ, ಶಿಲೆಯೊಳಗಿನ ಎಣ್ಣೆಯನ್ನು ಉತ್ಪಾದನಾ ಬಾವಿಯ ಕಡೆಗೆ ತಳ್ಳುವುದು. ನೀವು ಇಂಜೆಕ್ಷನ್ ದರ (ದಿನಕ್ಕೆ ಒತ್ತುವ ನೀರು) ಮತ್ತು ಸರಾಸರಿ ಪರ್ಮಿಯಬಿಲಿಟಿ (ಶಿಲೆ ದ್ರವವನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬ ಅಳತೆ) ಕೊಟ್ಟು ಒಂದು ದಿನಾಂಕ ಕೇಳಿದ್ದೀರಿ. ನನ್ನ ಮ್ಯಾನೇಜರ್ ಕೇಳಿದ್ದೂ ಅದನ್ನೇ. ಆಗ ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ಕುಳಿತು, ಎಂದೂ ಕಾಣದ ತೈಲ ಕ್ಷೇತ್ರವೊಂದಕ್ಕೆ ಲೆಕ್ಕ ಹಾಕುತ್ತಿದ್ದೆ. ಲಾಲ್‌ಬಾಗ್ ಬಂಡೆಯಂಥ ಗಟ್ಟಿ ಶಿಲೆಯ ಊರಿನಲ್ಲಿ ಎಣ್ಣೆ ಪದರಗಳ ಚಿಂತೆ!

ನೀರು ಎಣ್ಣೆಯನ್ನು ತಳ್ಳುತ್ತಾ ಹೇಗೆ ಮುಂದೆ ಸಾಗುತ್ತದೆಂದು ಹೇಳುವ 1942ರ ಬಕ್ಲಿ–ಲೆವರೆಟ್ ಸಿದ್ಧಾಂತ, ಅದರಿಂದ ನೀರು ತಲುಪುವ ಹೊತ್ತನ್ನು ನಕ್ಷೆಯಲ್ಲೇ ಕಂಡುಹಿಡಿಯಲು 1952ರಲ್ಲಿ ವೆಲ್ಜ್ ತೋರಿಸಿದ ಸ್ಪರ್ಶಕ ರೇಖೆ, ಎರಡನ್ನೂ ಸರಿಯಾಗಿಯೇ ಬಳಸಿದ್ದೆ. ಕೆಟ್ಟಿದ್ದು ಬೇರೆ ಕಡೆ. ಕೋರ್ ಪಟ್ಟಿಯಲ್ಲಿ (ಬಾವಿಯಿಂದ ಕೊರೆದು ತೆಗೆದ ಶಿಲೆಯ ಮಾದರಿಗಳ ಅಳತೆಗಳಲ್ಲಿ) ಒಂದು ಪದರದ ಪರ್ಮಿಯಬಿಲಿಟಿ ಕಣ್ಣಿಗೆ ರಾಚುವಷ್ಟು ಹೆಚ್ಚಿತ್ತು. ಅದನ್ನು ಸರಾಸರಿಯಲ್ಲಿ ಕರಗಿಸಿಬಿಟ್ಟೆ.

ಉದಾಹರಣೆಗೆ, 400 ಮೀಟರ್ ಚದರದ, 10 ಮೀಟರ್ ದಪ್ಪದ, ಶೇ 20 ರಂಧ್ರತೆಯ ಐದು ಬಾವಿಗಳ ವಿನ್ಯಾಸವನ್ನು (ನಾಲ್ಕು ಮೂಲೆಗಳಲ್ಲಿ ಒಂದು ಬಗೆಯ, ನಡುವೆ ಇನ್ನೊಂದು ಬಗೆಯ ಬಾವಿ) ತೆಗೆದುಕೊಳ್ಳಿ. ರಂಧ್ರಗಳ ಒಟ್ಟು ಗಾತ್ರ 3,20,000 ಘನ ಮೀಟರ್. ಸ್ಪರ್ಶಕದ ಇಳಿಜಾರು 2 ಆದರೆ ಆ ಗಾತ್ರದ ಅರ್ಧದಷ್ಟು ನೀರು ಸಾಕು. ಮೊಬಿಲಿಟಿ ಅನುಪಾತ (ಎಣ್ಣೆಗೆ ಹೋಲಿಸಿದರೆ ನೀರು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದು) 1ರ ಹತ್ತಿರವಿದ್ದರೆ ಆ ಹೊತ್ತಿಗೆ ನೀರು ಆವರಿಸುವುದು ಸುಮಾರು ಶೇ 70 ಪ್ರದೇಶವನ್ನು ಮಾತ್ರ. ಹಾಗಾಗಿ ಬೇಕಾದ ನೀರು 1,12,000 ಘನ ಮೀಟರ್; ದಿನಕ್ಕೆ 200 ಘನ ಮೀಟರ್ ಒತ್ತಿದರೆ 560 ದಿನ. ಗಮನಿಸಿ: ದರ ಗೊತ್ತಿದ್ದ ಮೇಲೆ ನಿಮ್ಮ ಸರಾಸರಿ ಪರ್ಮಿಯಬಿಲಿಟಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಈಗ ಒಂದು ಮೀಟರ್ ಪದರಕ್ಕೆ 1000 ಮಿಲಿಡಾರ್ಸಿ (ಪರ್ಮಿಯಬಿಲಿಟಿಯ ಮಾನ), ಉಳಿದ ಒಂಬತ್ತಕ್ಕೆ 100 ಇಡಿ. ಅರ್ಧಕ್ಕಿಂತ ಹೆಚ್ಚು ನೀರು ಆ ಒಂದು ಮೀಟರಿಗೇ ನುಗ್ಗುತ್ತದೆ. ಆದರೆ ಅದರ ರಂಧ್ರಗಳ ಗಾತ್ರ ಒಟ್ಟಿನ ಹತ್ತರಲ್ಲೊಂದು ಮಾತ್ರ. ಪದರಗಳ ನಡುವೆ ಹರಿವಿಲ್ಲದಿದ್ದರೆ 106 ದಿನಗಳಲ್ಲೇ ನೀರು ಹಾಜರ್. ಸಿಲ್ಕ್ ಬೋರ್ಡ್‌ನಲ್ಲಿ ಎಲ್ಲ ವಾಹನಗಳ ಸರಾಸರಿ ವೇಗ ಹಿಡಿದು, ಪಾದಚಾರಿ ಮಾರ್ಗದಲ್ಲಿ ನುಸುಳುವ ಬೈಕ್ ಯಾವಾಗ ದಾಟುತ್ತದೆಂದು ಹೇಳಲಾಗುತ್ತದೆಯೇ?

ನನ್ನ ದಿನಾಂಕ ನಂಬಿದವರು ನೀರು ಬೇರ್ಪಡಿಸುವ ಸಾಮರ್ಥ್ಯವನ್ನು ಹೆಚ್ಚಿಸುವ ಕೆಲಸ ಮುಂದೂಡಿದ್ದರು. ನೀರು ಬಂದಾಗ ಬಾವಿಗಳ ಉತ್ಪಾದನೆ ತಗ್ಗಿಸಬೇಕಾಯಿತು. ಒಪ್ಪಂದ ನವೀಕರಣವಾಗಲಿಲ್ಲ, ನಮ್ಮ ತಂಡವನ್ನೂ ಚದುರಿಸಿದರು.

ಹಾಗಾಗಿ ದಿನಾಂಕ ಕೇಳುವುದನ್ನು ಬಿಡಿ. ಮೊದಲು ಪದರಗಳ ಪಟ್ಟಿ ಮಾಡಿ, ಪದರಗಳ ಪರ್ಮಿಯಬಿಲಿಟಿ ಎಷ್ಟು ಏರುಪೇರಾಗಿದೆ ಎಂದು ಹೇಳುವ 1950ರ ಡೈಕ್ಸ್ಟ್ರಾ–ಪಾರ್ಸನ್ಸ್ ಗುಣಾಂಕ ಲೆಕ್ಕ ಹಾಕಿ. 0 ಎಂದರೆ ಏಕರೂಪ, 1ರ ಹತ್ತಿರ ಎಂದರೆ ಅಪಾಯ. ಎಣ್ಣೆ ನೀರಿಗಿಂತ ಬಹಳ ಮಂದವಾಗಿದ್ದರೆ ನೀರು ಇನ್ನೂ ಬೇಗ ಬರುತ್ತದೆ. ಹರಿವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಟರ್ ಇದೆಯಲ್ಲ ಎನ್ನಬೇಡಿ: ಅದರ ಗ್ರಿಡ್‌ನಲ್ಲಿ ಆ ಪದರವನ್ನು ಬೇರೆಯವುಗಳ ಜೊತೆ ಸೇರಿಸಿದರೆ ಅದೂ ಇದೇ ಸುಳ್ಳನ್ನು ಹೇಳುತ್ತದೆ. ಟ್ರೇಸರ್ ಪರೀಕ್ಷೆಗೆ (ಒತ್ತುವ ನೀರಿಗೆ ಗುರುತಿನ ವಸ್ತು ಬೆರೆಸಿ, ಅದು ಉತ್ಪಾದನಾ ಬಾವಿಗೆ ಯಾವಾಗ ಬರುತ್ತದೆಂದು ನೋಡುವುದಕ್ಕೆ) ಹಣವಿದ್ದರೆ ಮಾಡಿಸಿ. ವರದಿಯಲ್ಲಿ ಅತಿ ವೇಗದ ಪದರದ ದಿನವನ್ನೇ ಮೊದಲು ಬರೆಯಿರಿ, ಸರಾಸರಿಯದ್ದನ್ನು ಅದರ ಕೆಳಗೆ.