ಹೊಗೆನೋ ಗಪ್ಪಿನೋ ಅನ್ನೋ ಮೊದಲು ಬಾವಿಗೆ ಬಕೆಟ್ ಇಳಿಸಿ

ಪಂಚಾಯಿತಿ ದುಡ್ಡಲ್ಲಿ ಮಲೇರಿಯಾಕ್ಕೆ ಹೊಗೆ ಹೊಡೆಸೋದಾ, ಕೆರೆಗೆ ಸೊಳ್ಳೆ ಮರಿ ತಿನ್ನೋ ಗಪ್ಪಿ ಮೀನು ಬಿಡೋದಾ, ಸಂಶೋಧನೆ ಏನು ಹೇಳುತ್ತೆ ಅಂತ ಕೇಳಿದ್ದೀರಿ. 2006ರಲ್ಲಿ ಅರಸೀಕೆರೆ ಕಡೆಯ ನಮ್ಮೂರಲ್ಲಿ ಪಂಚಾಯಿತಿ ಮೆಂಬರ್ ಆಗಿದ್ದಾಗ ಇದೇ ಪ್ರಶ್ನೆ ಹಿಡಿದು ನಾನೂ ಕುಣಿದಿದ್ದೆ.

ಕರ್ನಾಟಕದ ಹಳ್ಳಿಗಳಲ್ಲಿ ಮೀನು ಬಿಟ್ಟು ಮಲೇರಿಯಾ ಸೊಳ್ಳೆ ತಗ್ಗಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಗಿತ್ತು. ನನ್ನ ಕಿವಿಗೆ ಬಿದ್ದದ್ದು 'ಮೀನು' ಅನ್ನೋದು ಮಾತ್ರ. ಅದರ ಶೀರ್ಷಿಕೆಯಲ್ಲೇ 'ಬಾವಿ' ಅಂತಿತ್ತು, ಅದು ಬೀಳಲಿಲ್ಲ. ಎರಡು ಕ್ಯಾನ್ ಗಪ್ಪಿ ತರಿಸಿ, ಮಂಗಳಾರತಿ ಮಾಡಿಸಿ, ಫೋಟೋ ಹೊಡೆಸಿಕೊಂಡು ಕೆರೆಗೆ ಸುರಿದೆವು. ಕೆರೆಯಲ್ಲಿ ಮೊದಲೇ ಬೇಕಾದಷ್ಟು ಮೀನಿತ್ತು! ಮಲೇರಿಯಾ ಹರಡೋ ಕ್ಯುಲಿಸಿಫೇಸಿಸ್ ಸೊಳ್ಳೆ ಮೊಟ್ಟೆಯಿಡ್ತಿದ್ದದ್ದು ಊರೊಳಗಿನ ಐದು ಬಾವೀಲಿ. ಕೊಳಾಯಿ ಬಂದ ಮೇಲೆ ಅವನ್ನ ಯಾರೂ ಸೇದುತ್ತಿರಲಿಲ್ಲ, ಇಣುಕುತ್ತಲೂ ಇರಲಿಲ್ಲ. ಒಂದು ನಮ್ಮ ಕೊಟ್ಟಿಗೆ ಹಿಂದೆಯೇ ಇತ್ತು. ಅವಕ್ಕೆ ಒಂದು ಮೀನೂ ಹೋಗಲಿಲ್ಲ.

ಆ ಮಳೆಗಾಲ ಅಮ್ಮನಿಗೇ ಚಳಿಜ್ವರ. ರಕ್ತ ತಗೊಳ್ಳೋಕೆ ಬಂದ ಹೆಲ್ತ್ ಇನ್ಸ್‌ಪೆಕ್ಟ್ರು ಮಾತಾಡದೆ ಬಾವಿಗೆ ಬಕೆಟ್ ಇಳಿಸಿ, ನೀರನ್ನ ಬಿಳಿ ತಟ್ಟೆಗೆ ಬಗ್ಗಿಸಿದರು. ಹುಲ್ಲಿನ ಚೂರಿನ ಹಾಗೆ ಹುಳ ಮೇಲೆ ಅಡ್ಡಡ್ಡ ಮಲಗಿದ್ದವು. ಮಲೇರಿಯಾ ಸೊಳ್ಳೆ ಮರಿ ಹೀಗೆ ಮಲಗುತ್ತೆ. ಡೆಂಗಿ ಸೊಳ್ಳೆ ಮರಿ, ಚರಂಡಿ ಸೊಳ್ಳೆ ಮರಿ ತಲೆಕೆಳಗಾಗಿ ನೇತಾಡುತ್ತೆ. "ಮೆಂಬರ್ರೇ, ಇವು ಕೆರೆಗೆ ಹೋಗಿ ಮೀನಿನ ಬಾಯಿಗೆ ಬೀಳಬೇಕಾ?" ಅಂದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು. ಮೊದಲು ಆಶಾ ಕಾರ್ಯಕರ್ತೆಯನ್ನ ಕೇಳಿ, ಜ್ವರ ಮಲೇರಿಯಾನೇ ಅಂತ ರಕ್ತಪರೀಕ್ಷೆಯಲ್ಲಿ ಬಂದಿದೆಯಾ? ಡೆಂಗಿ ಆದ್ರೆ ಹುಡುಕಬೇಕಾದ ನೀರು ಡ್ರಮ್ಮು, ಸಿಮೆಂಟ್ ತೊಟ್ಟಿ. ಮಲೇರಿಯಾನೇ ಆದ್ರೆ ಬಾವಿ, ಹಳ್ಳ ಎಲ್ಲ ತಟ್ಟೆಗೆ ಬಗ್ಗಿಸಿ ನೋಡಿ. ಹೊಗೆಗೆ ಹಾರೋ ಸೊಳ್ಳೆ ಒಂದಿಷ್ಟು ಸಾಯುತ್ತೆ, ಬಾವೀಲಿರೋ ಮರಿಗೆ ಕೆಮ್ಮೂ ಬರಲ್ಲ.

ಮೀನನ್ನೂ ಪೂರ್ತಿ ನಂಬಬೇಡಿ. ವೈದ್ಯಕೀಯ ಅಧ್ಯಯನಗಳನ್ನ ಒಟ್ಟುಹಾಕಿ ತೂಗಿ ನೋಡೋ ಕೊಕ್ರೇನ್ ಸಂಸ್ಥೆಯವರು 2017ರಲ್ಲಿ ಮೀನಿನ ಅಧ್ಯಯನಗಳನ್ನ ಜಾಲಾಡಿದರೂ, ಮರಿ ಎಣಿಸಿದವು ಸಿಕ್ಕವೇ ಹೊರತು ಜನರ ಮಲೇರಿಯಾ ತಗ್ಗಿತಾ ಅಂತ ಸರಿಯಾಗಿ ಅಳೆದದ್ದು ಒಂದೂ ಸಿಗಲಿಲ್ಲ. ಸೊಳ್ಳೆಪರದೆ ಬಿಡಬೇಡಿ. ವೈವ್ಯಾಕ್ಸ್ ಅನ್ನೋ ಬಗೆಯ ಮಲೇರಿಯಾ ಬಂದವರು 14 ದಿನದ ಪ್ರೈಮಾಕ್ವಿನ್ ಮಾತ್ರೆ ಡಾಕ್ಟರ್ ಹೇಳಿದಂತೆ ಮುಗಿಸಲಿ, ಇಲ್ಲದಿದ್ರೆ ರೋಗಾಣು ಲಿವರಲ್ಲಿ ಅಡಗಿ ಮತ್ತೆ ಏಳುತ್ತೆ.

ಬಾವಿಗೆ ಗಪ್ಪಿ ಬಿಟ್ರೆ ಬ್ಲೀಚಿಂಗ್ ಪೌಡರ್ ಹಾಕೋ ವಾಟರ್‌ಮನ್‌ಗೆ ಹೇಳಿಡಿ. ಅದರ ಮುಂದಿನ ವರ್ಷ ನಾವು ಬಾವಿಗೆ ಬಿಟ್ಟ ಮೀನು, ಅವನು ಪೌಡರ್ ಹಾಕಿ ಬೆಳಗಾಗೋಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.